ಸೆರೆಯಾದ ಗೂಢಚಾರನನ್ನು ಪ್ರೀತಿಸಿದವಳೇ ಬಿಡಿಸಿಕೊಂಡು ಬಂದದ್ದು ನಿಜವಾಗಿ ನಡೆದಿದೆಯೇ?

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ಧಾರಾವಾಹಿ ಬರೀತಿದ್ದೀನಿ. ಎರಡನೇ ಮಹಾಯುದ್ಧದ ಕಾಲದ ಫ್ರಾನ್ಸ್‌ನಲ್ಲಿ ನಡೆಯೋ ಕತೆ. ನಾಯಕ ಜರ್ಮನ್ನರ ವಿರುದ್ಧ ಗುಟ್ಟಾಗಿ ಕೆಲಸ ಮಾಡೋನು, ಸಿಕ್ಕಿಬೀಳ್ತಾನೆ. ನಾಯಕಿ ಅವನನ್ನ ಬಿಡಿಸಬೇಕು. ಕತೆ ಇಲ್ಲಿಗೆ ಬಂದು ನಿಂತುಬಿಟ್ಟಿದೆ. ಈಗ ಬರೆದಿರೋ ಅಧ್ಯಾಯದಲ್ಲಿ ಅವಳು ನರ್ಸ್ ವೇಷದಲ್ಲಿ ಜೈಲಿಗೆ ಹೋಗಿ, ಕಾವಲುಗಾರನ ಸೊಂಟದಿಂದ ಬೀಗದ ಕೈ ಎಗರಿಸಿ, ಅವನನ್ನ ಹಿಂಬಾಗಿಲಿಂದ ಕರ್ಕೊಂಡು ಬರ್ತಾಳೆ. ನಾನು ಬರೆದದ್ದನ್ನ ಮೊದಲು ಓದೋದು ನಮ್ಮಕ್ಕ. ಓದಿ ಮುಗಿಸಿ, "ಇಷ್ಟು ಸುಲಭ ಆಗಿದ್ರೆ ಜೈಲು ಯಾಕೆ ಕಟ್ತಿದ್ರು?" ಅಂತ ಕೇಳಿದಳು. ಆ ಮಾತು ತಲೆಯಿಂದ ಹೋಗ್ತಾನೇ ಇಲ್ಲ.

ಇತಿಹಾಸ ಓದಿಕೊಂಡವರು ಇಲ್ಲಿ ತುಂಬ ಜನ ಇದ್ದೀರಿ. ಹೀಗೆ ಒಬ್ಬ ಹೆಂಗಸು ತಾನು ಪ್ರೀತಿಸಿದವನನ್ನ ಗೆಸ್ಟಾಪೊ, ಅಂದ್ರೆ ಜರ್ಮನ್ನರ ಗುಪ್ತ ಪೊಲೀಸರ, ಕೈಯಿಂದ ಬಿಡಿಸಿಕೊಂಡದ್ದು ನಿಜವಾಗಿ ಆಗಿದೆಯಾ? ಆಗಿದ್ರೆ ಹೇಗೆ ಮಾಡಿದಳು? ಇನ್ನೊಂದು ಅನುಮಾನವೂ ಇದೆ. ಇಂಥ ಕೆಲಸದಲ್ಲಿ ಇರೋರಿಗೆ ಪ್ರೀತಿ ಅನ್ನೋದು ಶತ್ರುವಿಗೆ ಸಿಗೋ ಹಿಡಿತ ತಾನೆ? ಹೆಂಡತಿಯನ್ನ ತೋರಿಸಿ ಹೆದರಿಸಿದ್ರೆ ಯಾರಾದ್ರೂ ಬಾಯಿ ಬಿಡ್ತಾರೆ. ಪ್ರೀತಿಯೇ ಅವರನ್ನ ಕಾಪಾಡಿತು ಅಂತ ಬರೆದ್ರೆ ಸುಳ್ಳಾಗುತ್ತಾ?

ಕಳಸದ ಕಡೆಯವ ಬರೆದದ್ದು:

ಬಿಡಿಸಿಕೊಂಡು ಬಂದದ್ದಲ್ಲ, ಆದರೆ ನಿಮ್ಮ ಎರಡನೇ ಪ್ರಶ್ನೆಗೆ ಒಡೆಟ್ ಸ್ಯಾನ್ಸಮ್ ಅವರ ಬದುಕು ನೋಡಿ. ಹುಟ್ಟಿದ್ದು ಫ್ರಾನ್ಸ್‌ನಲ್ಲಿ. ಮೂರು ಹೆಣ್ಣುಮಕ್ಕಳನ್ನು ಇಂಗ್ಲೆಂಡಿನಲ್ಲಿ ಬಿಟ್ಟು ಬ್ರಿಟಿಷರ ಗುಪ್ತ ಕಾರ್ಯಾಚರಣೆ ದಳಕ್ಕೆ ಸೇರಿ 1942ರ ಕೊನೆಗೆ ಫ್ರಾನ್ಸಿಗೆ ಬಂದರು. ಅಲ್ಲಿ ಅವರ ಮೇಲಧಿಕಾರಿ ಪೀಟರ್ ಚರ್ಚಿಲ್. 1943ರ ಏಪ್ರಿಲ್‌ನಲ್ಲಿ ಆನ್ಸಿ ಸರೋವರದ ದಡದ ಸ್ಯಾಂ ಜೋರಿಯೊ ಊರಲ್ಲಿ ಇಬ್ಬರೂ ಒಟ್ಟಿಗೆ ಸಿಕ್ಕಿಬಿದ್ದರು. ಆಗ ಒಡೆಟ್ ಕಟ್ಟಿದ ಸುಳ್ಳು ಹೀಗಿತ್ತು: ನಾವಿಬ್ಬರೂ ಗಂಡ ಹೆಂಡತಿ, ಇವರು ಬ್ರಿಟನ್ ಪ್ರಧಾನಿ ಚರ್ಚಿಲ್ ಅವರ ಸಂಬಂಧಿ, ಇವರಿಗೆ ಏನೂ ಗೊತ್ತಿಲ್ಲ, ಎಲ್ಲ ಮಾಡಿದ್ದು ನಾನೇ. ಸಂಬಂಧವೂ ಇಲ್ಲ, ಮದುವೆಯೂ ಆಗಿರಲಿಲ್ಲ. ಚಿತ್ರಹಿಂಸೆಯೆಲ್ಲ ತಮ್ಮ ಮೇಲೆ ಎಳೆದುಕೊಂಡರು. ಕಾಲುಗುರು ಕಿತ್ತರೂ ಯಾರ ಹೆಸರನ್ನೂ ಹೇಳಲಿಲ್ಲ.

ಆಮೇಲೆ ಅವರನ್ನು ಹಾಕಿದ್ದ ಜರ್ಮನಿಯ ರೇವನ್ಸ್‌ಬ್ರೂಕ್ ಸೆರೆಶಿಬಿರದಲ್ಲಿ ಜೀವ ಉಳಿದದ್ದರಲ್ಲಿ ಆ ಚರ್ಚಿಲ್ ಹೆಸರಿನ ಪಾಲು ದೊಡ್ಡದು. ಯುದ್ಧ ಸೋಲುವ ಹೊತ್ತಿಗೆ ಶಿಬಿರದ ಮುಖ್ಯಸ್ಥ ಫ್ರಿಟ್ಸ್ ಜೂರನ್ ಒಡೆಟ್‌ರನ್ನು ತಾನೇ ಕಾರಿನಲ್ಲಿ ಕೂರಿಸಿಕೊಂಡು ಅಮೆರಿಕನ್ನರ ಹತ್ತಿರ ಹೋದ. ಚರ್ಚಿಲ್ ಮನೆತನದವಳನ್ನು ಒಪ್ಪಿಸಿದರೆ ತನ್ನ ತಲೆ ಉಳಿಯುತ್ತದೆ ಅಂತ ಅವನ ಲೆಕ್ಕ. ಒಡೆಟ್ ಅಲ್ಲೇ ಅವನು ಯಾರು ಅಂತ ಹೇಳಿ ಹಿಡಿದುಕೊಟ್ಟರು. 1946ರಲ್ಲಿ ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು, 1947ರಲ್ಲಿ ಪೀಟರ್ ಅವರನ್ನೇ ಮದುವೆಯಾದರು. ಕೆಲವು ವರ್ಷಗಳ ಮೇಲೆ ಆ ಮದುವೆ ಮುರಿಯಿತು. ಮುರಿದದ್ದರಿಂದ ಮೊದಲಿನದ್ದು ಸುಳ್ಳಾಗಲ್ಲ ಅಂತ ನನ್ನ ಅಭಿಪ್ರಾಯ.

ಧಾರವಾಡದ ಮಾಸ್ತರ ಬರೆದದ್ದು:

ತಂಗಿ, ನಿಮ್ಮ ಅಕ್ಕ ಕೇಳಿದ್ದು ಖರೇ ಐತಿ. ಅದಕ್ಕ ಉತ್ತರ ಫ್ರಾನ್ಸಿನ ಲಿಯೋನ್ ಶಹರದಾಗ ಸಿಗತೈತಿ. ಹೆಸರು ಬರಕೋ: ಲ್ಯೂಸಿ ಓಬ್ರಾಕ್. ಈಕಿ ತರಬೇತಿ ತಗೊಂಡ ಗೂಢಚಾರಳಲ್ಲ, ಹೆಣ್ಣುಮಕ್ಕಳ ಸಾಲ್ಯಾಗ ಇತಿಹಾಸ ಕಲಸಾಕಿ. ನಾನೂ ಅದ ವಿಷಯ ಕಲಿಸಿ ನಿವೃತ್ತ ಆದಾಂವ, ಅದಕ್ಕ ಈಕಿ ಮ್ಯಾಲೆ ನನಗ ಅಭಿಮಾನ ಒಂದು ತೂಕ ಹೆಚ್ಚು.

ಗಂಡ ರೇಮಂಡ್ ಎಂಜಿನಿಯರ್, ಯಹೂದಿ ಮನೆತನದಾಂವ. ಖರೇ ಅಡ್ಡಹೆಸರು ಸ್ಯಾಮ್ಯುಯೆಲ್. ಓಬ್ರಾಕ್ ಅನ್ನೂದು ಭೂಗತ ಕೆಲಸಕ್ಕಂತ ಇಟಗೊಂಡ ಹೆಸರು, ಯುದ್ಧ ಮುಗದ ಮ್ಯಾಲೂ ಅದ ಉಳೀತು. 1939ರ ಡಿಸೆಂಬರದಾಗ ಲಗ್ನ ಆದ್ರು. ಮುಂದಿನ ಬ್ಯಾಸಗಿಗೆ ಫ್ರಾನ್ಸ್ ಸೋತು ಅಂವ ಜರ್ಮನ್ನರ ಯುದ್ಧಖೈದಿ ಆದ. ಆವಾಗ ಜ್ವರ ಬರಸೂ ಔಷಧ ಅವಗ ಮುಟ್ಟಿಸಿ, ದವಾಖಾನಿಗೆ ಹೋಗೂ ಹಂಗ ಮಾಡಿ, ಅಲ್ಲಿಂದ ಪಾರು ಮಾಡಿಸಿದಾಕಿ ಈಕಿನ. ಆಮ್ಯಾಲೆ ಇಬ್ಬರೂ ಲಿಯೋನ್‌ದಾಗ ಮನಿ ಮಾಡಿ, ಜರ್ಮನ್ನರ ವಿರುದ್ಧದ ಪ್ರತಿರೋಧ ಚಳವಳಿ ಸೇರಿ, ಗುಪ್ತ ಪತ್ರಿಕೆ ಹೊರಡಸೂ ಕೆಲಸಕ್ಕ ನಿಂತ್ರು. ಹಗಲು ಪಾಠ, ರಾತ್ರಿ ಇದು. ಮನ್ಯಾಗ ಸಣ್ಣ ಕೂಸು ಬ್ಯಾರೆ.

1943ರ ಜೂನ್ 21ಕ್ಕ ಲಿಯೋನ್ ಹತ್ತಿರದ ಕಾಲ್ವೀರ್‌ನ್ಯಾಗ ಒಬ್ಬ ಡಾಕ್ಟರ ಮನಿಯೊಳಗ ಸಭಾ ಕೂಡಿತ್ತು. ಗೆಸ್ಟಾಪೊ ಮನಿಗೆ ನುಗ್ಗಿ ಎಲ್ಲಾರನ್ನೂ ಹಿಡೀತು. ಹಿಡದವರೊಳಗ ಇಡೀ ಪ್ರತಿರೋಧದ ಮುಂದಾಳು ಜಾನ್ ಮೂಲಾಂ ಇದ್ದ. ರೇಮಂಡ್ ಸುದ್ದಾ ಇದ್ದ, ಕ್ಲೋದ್ ಎರ್ಮೆಲಾಂ ಅಂತ ಕಳ್ಳ ಕಾಗದ ಕಿಸೇದಾಗ ಇಟಗೊಂಡು. ಲಿಯೋನ್ ಗೆಸ್ಟಾಪೊದ ಕ್ಲಾಸ್ ಬಾರ್ಬಿ ಹೊಡದ ಹೊಡತಕ್ಕ ಮೂಲಾಂ ಜುಲೈದಾಗ ತೀರಿಕೊಂಡ. ರೇಮಂಡ್‌ನ್ನ ಮೋಂಲೂಕ್ ಜೈಲಿಗೆ ಹಾಕಿದ್ರು.

ಇಲ್ಲಿಂದ ನಿನ್ನ ಅಧ್ಯಾಯಕ್ಕ ಬೇಕಾದ್ದು ಶುರು ಆಗತೈತಿ. ಲ್ಯೂಸಿ ಜೈಲಿನ ಗ್ವಾಡಿ ಕಡೆ ನೋಡಲೇ ಇಲ್ಲ. ಸೀದಾ ಬಾರ್ಬಿ ಆಫೀಸಿಗೆ ಹೋದ್ಲು! ದೊಡ್ಡ ಮನೆತನದ ಹೆಣ್ಣುಮಗಳು ಅನ್ನೂ ಹಂಗ ಬ್ಯಾರೆ ಹೆಸರು ಹೇಳಿ, "ಎರ್ಮೆಲಾಂ ಅನ್ನಾಂವ ನನ್ನ ಬಸುರಿ ಮಾಡ್ಯಾನ, ನೀವು ಅವನ್ನ ಕೊಲ್ಲೂದಾದ್ರ ಕೊಲ್ರಿ, ಅದಕ್ಕೂ ಮೊದಲ ನನ್ನ ಕೂಸಿಗೆ ಅಪ್ಪನ ಹೆಸರು ಬೇಕು, ಲಗ್ನ ಮಾಡಿಕೊಡ್ರಿ" ಅನ್ನೂ ಅರ್ಥದಾಗ ಕೇಳಿದ್ಲು. ಸಾಯಾಂವನ ಜೋಡಿ ಲಗ್ನ ಆಗಲಿಕ್ಕೆ ಫ್ರಾನ್ಸಿನ ಕಾಯ್ದೇದಾಗ ಅವಕಾಶ ಇತ್ತು. ಬಾರ್ಬಿ ಹೊರಗ ಹಾಕಿಸಿದ. ಆಕಿ ಬಿಡಲಿಲ್ಲ. ಇನ್ನೊಬ್ಬ ಜರ್ಮನ್ ಅಧಿಕಾರಿನ್ನ ಹಿಡದು, ಕಾಣಿಕಿ ಕೊಟ್ಟು, ಅದ ಗೋಳು ತೋಡಿಕೊಂಡು, ಲಗ್ನದ ಕರಾರುಪತ್ರಕ್ಕ ಸಹಿ ಮಾಡಸಾಕ ರೇಮಂಡ್‌ನ್ನ ಜೈಲಿನಿಂದ ಗೆಸ್ಟಾಪೊ ಕಚೇರಿಗೆ ಕರಸೂ ಹಂಗ ಮಾಡಿದ್ಲು.

ತಿಳೀತಲ್ಲ? ಮೋಂಲೂಕ್ ಒಡಿಯೂದು ಆಗದ ಮಾತು. ಆದ್ರ ಖೈದಿ ಹೊರಗ ಬಂದ್ರ ಮತ್ತ ವಾಪಸ್ ಹೋಗಬೇಕಲ್ಲ, ಆ ದಾರಿ ಯಾರದೂ ಅಲ್ಲ. 1943ರ ಅಕ್ಟೋಬರ್ 21ರ ಸಂಜಿಮುಂದ ಖೈದಿಗಳನ್ನ ತುಂಬಿಕೊಂಡು ಹೊಂಟ ಲಾರಿನ್ನ ಬುಲ್‌ವಾರ್ ದೆ ಇರೋಂದೆಲ್ ಅನ್ನೂ ರಸ್ತಾದಾಗ ಆಕಿ ಸಂಗಾತಿಗಳು ಕಾರಿನ್ಯಾಗ ಬಂದು ಅಡ್ಡಗಟ್ಟಿದ್ರು. ಸಪ್ಪಳ ಬರದಂಥ ಬಂದೂಕಿನಿಂದ ಮೊದಲ ಡ್ರೈವರ್‌ನ್ನ ಹೊಡದ್ರು. ಲಾರಿ ತಾನಾಗಿ ನಿಂತ್ತು, ಹಿಂದಿನ ಕಾವಲಿನವರಿಗೆ ಏನಾತು ಅಂತ ತಿಳಿಯೂದರೊಳಗ ಗುಂಡು ಹಾರಿದ್ವು. ಒಳಗಿದ್ದ ಖೈದಿಗಳು ಪಾರಾದ್ರು. ರೇಮಂಡ್‌ಗೆ ಜಿಗಿಯುಮುಂದ ಗಲ್ಲಕ್ಕ ಗುಂಡು ತಾಗಿತು, ಜೀವ ಉಳೀತು. ಲ್ಯೂಸಿ ಆವಾಗ ಐದಾರು ತಿಂಗಳ ಬಸುರಿ.

ಈಗ ನಿನ್ನ ಎರಡನೇ ಪ್ರಶ್ನೆ. ಆಕಿ ಹೇಳಿದ ಸುಳ್ಳಿನ್ಯಾಗ ಎಷ್ಟು ಸುಳ್ಳಿತ್ತು ನೋಡು. ಬಸುರಿ ಅನ್ನೂದು ಖರೇ. ಆ ಕೂಸು ಅವಂದ ಅನ್ನೂದು ಖರೇ. ಅವನ್ನ ನೋಡಬೇಕಂತ ಒದ್ದಾಡತಿದ್ದದ್ದು ಖರೇ. ಸುಳ್ಳು ಅಂದ್ರ ಹೆಸರು, ಮತ್ತ ಲಗ್ನ ಆಗಿಲ್ಲ ಅನ್ನೂ ಮಾತು, ಅಷ್ಟ. ವಿಚಾರಣೆ ಮಾಡೂ ಮನಿಶಾ ಕಣ್ಣಾಗಿನ ನೀರು ನಾಟಕ ಹೌದೋ ಅಲ್ಲೋ ಅಂತ ಹುಡುಕತಾನ. ಆಕಿ ನಾಟಕ ಮಾಡೂ ಜರೂರನ ಇರಲಿಲ್ಲ. ಪ್ರೀತಿ ಶತ್ರುವಿಗೆ ಸಿಗೂ ಹಿಡಿತ ಅಂದಿಯಲ್ಲ, ಅದು ಹೌದು. ಆದ್ರ ಶತ್ರುವಿಗೆ ಏನು ತೋರಸಬೇಕು, ಏನು ಮುಚ್ಚಬೇಕು ಅನ್ನೂದನ್ನ ಆಕಿ ಆರಿಸಿದ್ಲು. ಪ್ರೀತಿನ್ನ ಎದುರಿಗೇ ಇಟ್ಟು ಅದರ ಹಿಂದ ಹೆಸರು ಮುಚ್ಚಿದ್ಲು. ನಿನ್ನ ನಾಯಕಿಗೆ ಈ ಬುದ್ಧಿ ಕೊಡು, ಬೀಗದ ಕೈ ಕದಿಯೂದು ಬ್ಯಾಡ.

ಒಂದು ಮಾತು ಹೇಳದಿದ್ರ ತಪ್ಪಾಗತೈತಿ. ಇದರೊಳಗ ಕಚೇರಿ ಒಳಗಿನ ಮಾತುಕತಿ ಎಲ್ಲಾ ಆಕಿ 1984ರಾಗ ಬರದ ನೆನಪಿನಿಂದ ಬಂದದ್ದು. 1997ರಾಗ ಒಬ್ಬ ಪತ್ರಕರ್ತ ಗಂಡಹೆಂಡತಿ ಮ್ಯಾಲೆನ ಸಂಶಯ ಬರೂ ಹಂಗ ಪುಸ್ತಕ ಬರದ. ಗಂಡಹೆಂಡತಿ ತಾವಾಗೇ ಇತಿಹಾಸಕಾರರ ಮುಂದ ಕುಂತು ಪ್ರಶ್ನೆ ಕೇಳಸಿಕೊಂಡ್ರು. ತಾರೀಖು, ವಿವರ ಅಲ್ಲಲ್ಲೆ ಕೂಡೂದಿಲ್ಲ ಅಂತ ಇತಿಹಾಸಕಾರರು ಟೀಕಿ ಮಾಡಿದ್ರು, ದ್ರೋಹಕ್ಕ ಪುರಾವೆ ಮಾತ್ರ ಸಿಗಲಿಲ್ಲ. ಕೋರ್ಟಿನ್ಯಾಗ ಮಾನಹಾನಿ ಖಟ್ಲೆ ಗಂಡಹೆಂಡತಿ ಗೆದ್ರು. ನಲವತ್ತು ವರ್ಷದ ಮ್ಯಾಲೆ ನೆನಸಿಕೊಂಡು ಬರದಾಗ ತಾರೀಖು ಸರಿದಾಡತಾವ. ಲಾರಿ ನಿಂತದ್ದು, ಖೈದಿಗಳು ಪಾರಾದದ್ದು ಸರಿದಾಡೂದಿಲ್ಲ.

ಶ್ರೀರಂಗಪಟ್ಟಣ ಬರೆದದ್ದು:

ಮಾಸ್ತರು ಬರೆದದ್ದು ಓದ್ತಾ ಮೈ ಜುಂ ಅಂತು. ಆದರೆ ಯಾರೂ ಬಿಡಿಸೋಕೆ ಬರದೇ ಇದ್ದವರ ಬಗ್ಗೆಯೂ ಒಂದು ಮಾತು ಇರಲಿ. ನೂರ್ ಇನಾಯತ್ ಖಾನ್ ನಮ್ಮೂರಿಗೆ ಸಂಬಂಧ ಇರೋರು, ಟಿಪ್ಪು ಸುಲ್ತಾನರ ವಂಶದವರು. ಹುಟ್ಟಿದ್ದು 1914ರ ಜನವರಿ 1ರಂದು ಮಾಸ್ಕೋದಲ್ಲಿ. ತಂದೆ ಸೂಫಿ ಗುರು, ಸಂಗೀತಗಾರ ಇನಾಯತ್ ಖಾನ್, ತಾಯಿ ಅಮೆರಿಕದವರು. ಬೆಳೆದದ್ದು ಪ್ಯಾರಿಸ್ ಪಕ್ಕದ ಸುರೇನ್‌ನಲ್ಲಿ. ಮಕ್ಕಳಿಗೆ ಜಾತಕ ಕತೆಗಳನ್ನ ಬರೀತಿದ್ದೋರು 1943ರ ಜೂನ್‌ನಲ್ಲಿ ಬ್ರಿಟಿಷರ ಅದೇ ಗುಪ್ತ ದಳದ ವೈರ್‌ಲೆಸ್ ಆಪರೇಟರ್ ಆಗಿ ಶತ್ರುವಿನ ಪ್ಯಾರಿಸ್‌ಗೆ ಇಳಿದರು. ಕೆಲವೇ ದಿನದಲ್ಲಿ ಜೊತೆಯವರೆಲ್ಲ ಒಬ್ಬೊಬ್ಬರೇ ಸಿಕ್ಕಿಬಿದ್ದರು, ವಾಪಸ್ ಬಾ ಅಂದರೂ ಬರದೆ ಜಾಗ ಬದಲಾಯಿಸ್ತಾ ಸಂದೇಶ ಕಳಿಸ್ತಾ ಇದ್ದರು. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದರು.

ಪ್ಯಾರಿಸ್‌ನ ಫೋಶ್ ಅವೆನ್ಯೂ 84ನೇ ನಂಬರಿನಲ್ಲಿ, ಜರ್ಮನ್ನರು ವಿಚಾರಣೆ ಮಾಡ್ತಿದ್ದ ಕಟ್ಟಡದಲ್ಲಿ ಇಟ್ಟಿದ್ದರು. ಹಿಡಿದ ಹೊತ್ತಲ್ಲೇ ಬಚ್ಚಲುಮನೆ ಕಿಟಕಿಯಿಂದ ಹಾರೋಕೆ ನೋಡಿದರು. ನವೆಂಬರ್‌ನಲ್ಲಿ ಇನ್ನಿಬ್ಬರು ಖೈದಿಗಳ ಜೊತೆ ಸೂರಿನ ಕಿಂಡಿಯ ಸರಳು ಬಿಡಿಸಿ ಮಾಳಿಗೆ ಮೇಲೆ ಹತ್ತಿದರು. ಅದೇ ಹೊತ್ತಿಗೆ ವಿಮಾನದಾಳಿಯ ಸೈರನ್ ಕೂಗಿತು. ಸೈರನ್ ಆದಾಗ ಖೈದಿಗಳನ್ನ ಎಣಿಸೋ ಪದ್ಧತಿ, ಕೋಣೆ ಖಾಲಿ ಇರೋದು ಗೊತ್ತಾಯ್ತು. ತಮ್ಮ ಕಡೆಯ ವಿಮಾನಗಳಿಂದಲೇ ಸಿಕ್ಕಿಬಿದ್ದ ಹಾಗೆ! ಇನ್ನು ತಪ್ಪಿಸಿಕೊಳ್ಳಲ್ಲ ಅಂತ ಬರೆದುಕೊಡು ಅಂದರೆ ಬರೆದುಕೊಡಲಿಲ್ಲ. ಜರ್ಮನಿಯ ಫೋರ್ಟ್ಸ್‌ಹೈಮ್ ಜೈಲಿನಲ್ಲಿ ತಿಂಗಳುಗಟ್ಟಲೆ ಕೈಕಾಲಿಗೆ ಸರಪಳಿ. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಕೊಂದರು. 30 ವರ್ಷ.

ಪ್ರೀತಿ ಇದ್ದವರು ಉಳಿದರು, ಇಲ್ಲದವರು ಸತ್ತರು ಅಂತ ನಿಮ್ಮ ಕತೆ ಹೇಳದೇ ಇರಲಿ ಅನ್ನೋದಕ್ಕೆ ಇದನ್ನ ಬರೆದೆ. ಒಂದು ಸೈರನ್ ಹತ್ತು ನಿಮಿಷ ತಡವಾಗಿದ್ದರೆ ಏನಾಗ್ತಿತ್ತೋ.

ತುಂಗಾತೀರ ಬರೆದದ್ದು:

ಮೂವರಿಗೂ ತುಂಬ ಧನ್ಯವಾದ. ಅಕ್ಕನಿಗೂ ಓದಿ ಹೇಳಿದೆ, ಲಗ್ನದ ಕರಾರಿನ ಭಾಗ ಬಂದಾಗ ಮತ್ತೆ ಓದು ಅಂದಳು. ನರ್ಸ್ ವೇಷದ ಅಧ್ಯಾಯ ತೆಗೆದುಹಾಕ್ತಿದ್ದೀನಿ. ನೂರ್ ಅವರ ಹಾಗೆ ಒಬ್ಬ ಗೆಳತಿಯ ಪಾತ್ರ ಬೇಕು ಅಂತಲೂ ಅನ್ನಿಸಿದೆ. ಮಾಸ್ತರೇ, ಲಾರಿಯಿಂದ ಬಿಡಿಸಿದ ಮೇಲೆ ಅವರು ಎಲ್ಲಿಗೆ ಹೋದರು? ಗಾಯ ಆದವನು, ಬಸುರಿ, ಸಣ್ಣ ಮಗು. ನನ್ನ ಕತೆ ಬಿಡುಗಡೆಯಲ್ಲೇ ಮುಗಿಯೋದಿತ್ತು.

ಧಾರವಾಡದ ಮಾಸ್ತರ ಬರೆದದ್ದು:

ಮುಗಸಬ್ಯಾಡ. ಖರೇ ಕಷ್ಟ ಅಲ್ಲಿಂದನ. ಲಾರಿ ಹೊಡದದ್ದು ಅಕ್ಟೋಬರ್, ಫ್ರಾನ್ಸ್ ಬಿಟ್ಟದ್ದು ಫೆಬ್ರುವರಿ. ನಡುವಿನ ಚಳಿಗಾಲ ಪೂರ್ತಿ ಒಂದು ಮನಿಯಿಂದ ಇನ್ನೊಂದು ಮನಿಗೆ ಅಡಗಿಕೋತ ತಿರುಗಿದ್ರು. ಯಾರ ಮನ್ಯಾಗ ಇಳಕೊಂಡ್ರೂ ಸಿಕ್ಕರ ಆ ಮನಿಯವರ ಗತಿ ಏನು ಅನ್ನೂದು ಎಲ್ಲಾರಿಗೂ ಗೊತ್ತಿತ್ತು. ಬಾಗಿಲು ತಗದವರ ಬಗ್ಗೆ ಒಂದು ಪೂರ್ತಿ ಅಧ್ಯಾಯ ಬರಿ. ಇಬ್ಬರ ಪ್ರೀತಿ ಒಂದ ಸಾಲಲಿಲ್ಲ, ಗುರ್ತಿಲ್ಲದವರ ಧೈರ್ಯ ಬೇಕಾತು.

1944ರ ಫೆಬ್ರುವರಿ 8ರ ರಾತ್ರಿ ಜೂರಾ ಸೀಮಿಯ ಒಂದು ಹೊಲದಾಗ ಬ್ರಿಟಿಷರ ಹಡ್ಸನ್ ವಿಮಾನ ಇಳೀತು. ಇಳದದ್ದು ಕೆಸರಿನ್ಯಾಗ ಹುಗದು ಕುಂತಿತು. ಊರ ಮಂದಿ ಎತ್ತು, ಕುದುರಿ ಹೂಡಿ, ಸನಕಿ ತಗೊಂಡು ಮಣ್ಣು ಅಗದು, ತಾಸುಗಟ್ಟಲೆ ಜಗ್ಗಿ ಕಡೀಕ ಬಿಡಿಸಿದ್ರು. ಬೆಳಕು ಹರಿದ್ರ ಇಡೀ ಊರ ಸುಡತಿದ್ರು. ಲಂಡನ್ ಮುಟ್ಟಿದ್ರು, 12ನೇ ತಾರೀಖಿಗೆ ಮಗಳು ಕ್ಯಾಥರಿನ್ ಹುಟ್ಟಿದ್ಲು. ರೇಮಂಡ್‌ನ ತಾಯಿ ತಂದಿನ್ನ ಮಾತ್ರ ಯಾರಿಗೂ ಉಳಸಿಕೊಳ್ಳಾಕ ಆಗಲಿಲ್ಲ, ಯಹೂದಿಗಳನ್ನ ಕೊಲ್ಲತಿದ್ದ ಆಶ್‌ವಿಟ್ಜ್ ಶಿಬಿರದಿಂದ ಅವರು ತಿರುಗಿ ಬರಲಿಲ್ಲ.

ಬಾರ್ಬಿ ಪಾತ್ರ ಇಡೂದಾದ್ರ ಇದನ್ನೂ ತಿಳಕೊಂಡಿರು: ಯುದ್ಧ ಮುಗದ ಮ್ಯಾಲೆ ಅಂವ ಬೊಲಿವಿಯಾದಾಗ ಬ್ಯಾರೆ ಹೆಸರಿಲೆ ಆರಾಮ ಇದ್ದ. 1983ರಾಗ ಹಿಡದು ತಂದು, 1987ರಾಗ ಅದ ಲಿಯೋನ್ ಶಹರದಾಗ ವಿಚಾರಣೆ ಮಾಡಿ ಜೀವಾವಧಿ ಶಿಕ್ಷಾ ಕೊಟ್ರು. ಲ್ಯೂಸಿ 2007ರ ತನಕ, ರೇಮಂಡ್ 2012ರ ತನಕ ಬದುಕಿದ್ರು. ಹೊಸ ಅಧ್ಯಾಯ ಆದ ಮ್ಯಾಲೆ ಇಲ್ಲೇ ಹಾಕು, ತಾರೀಖು ಒಮ್ಮೆ ನೋಡಿಕೊಡತೀನಿ.