ಅಪ್‌ಡೇಟ್: ಪುಟ್ಟ ಕೈಗೆ ಹಾಲೋ ಬಾಡಿ ಗಿಟಾರ್ ಸಿಕ್ಕಿತು

ಹದಿಮೂರರ ಮಗಳ ಪುಟ್ಟ ಕೈಗೆ ಒಗ್ಗುವ, ಇಪ್ಪತ್ತೈದು ಸಾವಿರದೊಳಗಿನ ಹಾಲೋ ಬಾಡಿ (ಒಡಲು ಟೊಳ್ಳಾಗಿರುವ) ಎಲೆಕ್ಟ್ರಿಕ್ ಗಿಟಾರ್ ಯಾವುದು ಅಂತ ಕೇಳಿದ್ದೆ. "ಮೊದಲು ಸ್ಕೇಲ್ ಉದ್ದ ನೋಡಿ" ಅಂದವರಿಗೆ ಕೈಮುಗಿಯುತ್ತೇನೆ. ಸ್ಕೇಲ್ ಅಂದರೆ ತಂತಿಯ ಮಿಡಿಯುವ ಭಾಗದ ಉದ್ದ; ಅದು ಕಮ್ಮಿಯಾದಷ್ಟೂ ಬೆರಳು ಚಾಚುವುದು ಕಮ್ಮಿ.

ಕುಂಬಳೆಯಿಂದ ರೈಲು ಹತ್ತಿ ಮಂಗಳೂರಿಗೆ ಹೋದೆವು. ಫೆಂಡರ್ ಮಾದರಿಯ 648 ಮಿ.ಮೀ. ಸ್ಕೇಲಿನಲ್ಲಿ ಎಫ್ ಕಾರ್ಡ್ (ತೋರುಬೆರಳಿನಿಂದ ಆರೂ ತಂತಿ ಅಡ್ಡಲಾಗಿ ಒತ್ತಬೇಕಾದ ಸ್ವರಗುಚ್ಛ) ಹಿಡಿಯುವಾಗ ಅವಳ ಕಿರುಬೆರಳು ನಡುಗುತ್ತಿತ್ತು. ಐಬನೆಜ್ ಕಂಪನಿಯ ಎಜಿ75 ಅನ್ನುವ ಹಾಲೋ ಬಾಡಿ ಕೈಗೆ ಕೊಟ್ಟೆ. ಅದರದ್ದು 628. ಬರೀ ಎರಡು ಸೆಂಟಿಮೀಟರ್ ವ್ಯತ್ಯಾಸ, ಆದರೆ ಬೆರಳು ತಾನಾಗಿಯೇ ಜಾಗಕ್ಕೆ ಹೋಗಿ ಕೂತಿತು! ದೊಡ್ಡ ಜಾಝ್ ಗಿಟಾರುಗಳಿಗಿಂತ ಇದರ ಹೊಟ್ಟೆ ಚಿಕ್ಕದು, ಬಲ ಭುಜ ಮೇಲೆ ಎತ್ತಬೇಕಾಗಿಲ್ಲ. ಹೊಸದು ನಮ್ಮ ಕೈಗೆಟಕಲಿಲ್ಲ. ಸೆಕೆಂಡ್ ಹ್ಯಾಂಡ್ ಇಪ್ಪತ್ತೆರಡು ಸಾವಿರಕ್ಕೆ ಸಿಕ್ಕಿತು.

ಮನೆಗೆ ತಂದ ವಾರ ತಂತಿ ಒತ್ತಿ ಬೆರಳ ತುದಿಯೆಲ್ಲ ಕೆಂಪಾಗಿ ಅವಳು ಅತ್ತಳು. ಅಂಗಡಿಯವರು ಸೆಟಪ್ (ತಂತಿಯ ಎತ್ತರ ಹೊಂದಿಸುವ ಕೆಲಸ) ಮಾಡಿಯೇ ಇರಲಿಲ್ಲ. ಪರಿಚಯದ ರಿಪೇರಿಯವರೊಬ್ಬರು ನೆಕ್ (ಗಿಟಾರಿನ ಕತ್ತು) ಸರಿಮಾಡಿ, ತಂತಿಗೆ ಆಧಾರವಾದ ಬ್ರಿಡ್ಜ್ ತಗ್ಗಿಸಿ, 009ರ (ಅತಿ ತೆಳು ತಂತಿ 0.009 ಇಂಚು ದಪ್ಪವಿರುವ) ತೆಳು ತಂತಿ ಹಾಕಿಕೊಟ್ಟರು. ಹನ್ನೆರಡನೇ ಫ್ರೆಟ್ಟಿನಲ್ಲಿ (ನೆಕ್ ಮೇಲಿನ ಅಡ್ಡ ಲೋಹಪಟ್ಟಿ) ಮೂರು ಮಿ.ಮೀ. ಇದ್ದ ತಂತಿಯ ಎತ್ತರ ಎರಡಕ್ಕಿಂತ ಕೆಳಗೆ ಬಂತು. ಗಿಟಾರ್ ಕೊಳ್ಳುವವರು ಈ ಖರ್ಚಿಗೂ ದುಡ್ಡು ತೆಗೆದಿಡಿ, ದಯವಿಟ್ಟು.

ಆಂಪ್ (ಆಂಪ್ಲಿಫೈಯರ್) ಹತ್ತಿರ ಕೂತು ಸೌಂಡ್ ಏರಿಸಿದರೆ ಗುಂಯ್ ಅಂತ ಫೀಡ್‌ಬ್ಯಾಕ್ ಬರುತ್ತದೆ, ಒಳಗೆ ಟೊಳ್ಳಲ್ಲವೇ. ಆದರೆ ಆಂಪ್ ಇಲ್ಲದೆಯೂ ಕೇಳುವಷ್ಟು ದನಿ ಇದೆ. ನಮ್ಮ ಕಡೆ ಮಳೆಗಾಲದಲ್ಲಿ ಮರ ತೇವ ಹೀರುತ್ತದೆ, ಹಾಗಾಗಿ ಕೇಸಿನೊಳಗೆ ಸಿಲಿಕಾ ಜೆಲ್ ಇಟ್ಟಿದ್ದೇನೆ.

ನಿನ್ನೆ ರಾತ್ರಿ ಚಾವಡಿಯಲ್ಲಿ ಕೂತು ಎಫ್ ಕಾರ್ಡ್ ಆರೂ ತಂತಿಯಲ್ಲಿ ಸ್ಪಷ್ಟವಾಗಿ ನುಡಿಸಿದಳು.