ಬ್ಯಾಕುಲಾ ಜಾಬ್‌ಗಳನ್ನು ಹೊಸ ಸರ್ವರ್‌ಗೆ ಸಾಗಿಸಿದವರು ಯಾರಾದರೂ ಇದ್ದೀರಾ?

ದಾವಣಗೆರೆಯಿಂದ ಪ್ರಶ್ನೆ:
ನಮ್ಮ ಕಾಲೇಜಿನ ಬ್ಯಾಕಪ್ ಸರ್ವರ್ ಮುದಿಯಾಗಿದೆ, ಹೊಸದು ಬಂದು ಕೂತಿದೆ. ಬ್ಯಾಕಪ್ ತೆಗೆಯುವುದು ಬ್ಯಾಕುಲಾ ಸಾಫ್ಟ್‌ವೇರ್. ಯಾವ ಬ್ಯಾಕಪ್‌ನಲ್ಲಿ ಏನಿದೆ ಎಂಬ ಸೂಚಿ, ಅಂದರೆ ಕ್ಯಾಟಲಾಗ್, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. 14 ಕ್ಲೈಂಟ್ (ಬ್ಯಾಕಪ್ ಆಗುವ ಕಂಪ್ಯೂಟರ್), 37 ಜಾಬ್ (ಬ್ಯಾಕಪ್ ಕೆಲಸ). ಜಾಬ್ ಹೆಸರುಗಳನ್ನು ಮೂರು ಜನ ಮೂರು ಥರ ಇಟ್ಟಿದ್ದಾರೆ. 'ಟೆಸ್ಟ್2' ಅಂತ ಒಂದಿದೆ, ನೋಡಿದರೆ ಅದೇ ಅಕೌಂಟ್ಸ್ ವಿಭಾಗದ ಅಸಲಿ ಬ್ಯಾಕಪ್! ಸಾಗಿಸುವಾಗಲೇ ಹೆಸರುಗಳನ್ನೂ ಸರಿ ಮಾಡಿಬಿಡೋಣ ಅಂತಿದ್ದೇನೆ. ಮೂರು ವರ್ಷದ ಪರೀಕ್ಷಾ ದಾಖಲೆಗಳು ಹಳೆಯ ವಾಲ್ಯೂಮ್‌ಗಳಲ್ಲಿ (ಬ್ಯಾಕಪ್ ಡೇಟಾ ತುಂಬಿಡುವ ಫೈಲ್‌ಗಳಲ್ಲಿ) ಇವೆ, ಅವು ಮಾತ್ರ ಹೋಗಬಾರದು.

ಹುಬ್ಬಳ್ಳಿಯಿಂದ:
ಎರಡನ್ನೂ ಒಟ್ಟಿಗೆ ಮಾಡಬೇಡಿ. ನಾನು ಮಾಡಿ ಅನುಭವಿಸಿದ್ದೇನೆ. ಶುಕ್ರವಾರ ಸಂಜೆ ಸರ್ವರ್ ಬದಲಿಸಿ, ಖುಷಿಯಲ್ಲಿ ಹೆಸರುಗಳನ್ನೂ ಚೆಂದ ಮಾಡಿ ಮನೆಗೆ ಹೋದೆ. ಬೆಳಿಗ್ಗೆ ಲಾಗ್ ತೆಗೆದರೆ ಪ್ರತಿ ಜಾಬ್‌ನಲ್ಲೂ ಒಂದೇ ಮಾತು: ಹಿಂದಿನ ಫುಲ್ ಸಿಗಲಿಲ್ಲ, ಫುಲ್ ಬ್ಯಾಕಪ್ ಮಾಡುತ್ತಿದ್ದೇನೆ. ರಾತ್ರಿ ಇನ್‌ಕ್ರಿಮೆಂಟಲ್ (ಬದಲಾದದ್ದಷ್ಟೇ) ಆಗಬೇಕಿದ್ದವೆಲ್ಲ ಫುಲ್ (ಎಲ್ಲವೂ ಮೊದಲಿನಿಂದ) ಆಗಿ ಓಡಿದ್ದವು. ಭಾನುವಾರಕ್ಕೆ ಡಿಸ್ಕ್ ಭರ್ತಿ.

ಕಾರಣ ಸರಳ. ಇನ್‌ಕ್ರಿಮೆಂಟಲ್ ಶುರು ಮಾಡುವ ಮುಂಚೆ ಬ್ಯಾಕುಲಾ ಕ್ಯಾಟಲಾಗ್‌ನಲ್ಲಿ ಹಳೆಯ ಫುಲ್ ಹುಡುಕುತ್ತದೆ. ಜಾಬ್ ಹೆಸರು, ಕ್ಲೈಂಟ್ ಹೆಸರು, ಫೈಲ್‌ಸೆಟ್ (ಯಾವ ಫೈಲ್‌ಗಳು ಎಂಬ ಪಟ್ಟಿ) ಮೂರೂ ತಾಳೆಯಾಗಬೇಕು. ಒಂದು ಬದಲಾದರೂ ಅದರ ಲೆಕ್ಕದಲ್ಲಿ ಹೊಸ ಜಾಬ್. ಹಾಗಾಗಿ ಮೊದಲು ಇದ್ದದ್ದು ಇದ್ದ ಹಾಗೇ ಸಾಗಿಸಿ. ಕ್ಯಾಟಲಾಗ್ ಡಂಪ್ ತೆಗೆದು ಹೊಸದರಲ್ಲಿ ಹಾಕಿ, ವಾಲ್ಯೂಮ್ ಫೈಲ್‌ಗಳನ್ನು ಆರ್‌ಸಿಂಕ್‌ನಿಂದ ನಕಲು ಮಾಡಿ. ಡೈರೆಕ್ಟರ್ (ಎಲ್ಲವನ್ನೂ ನಡೆಸುವ ಬ್ಯಾಕುಲಾ ಪ್ರೋಗ್ರಾಂ) ಹೆಸರು, ಪಾಸ್‌ವರ್ಡ್ ಎರಡನ್ನೂ ಬದಲಿಸಬೇಡಿ, ಇಲ್ಲದಿದ್ದರೆ 14 ಕ್ಲೈಂಟ್‌ಗಳಿಗೂ ಹೋಗಿ ಅಲ್ಲಿ ಓಡುವ ಫೈಲ್ ಡೀಮನ್ ಪ್ರೋಗ್ರಾಂನ ಕಾನ್ಫಿಗ್ ತಿದ್ದಬೇಕು. ಡೈರೆಕ್ಟರ್ ಕಾನ್ಫಿಗ್‌ನ ಸ್ಟೋರೇಜ್ ವಿಳಾಸದಲ್ಲಿ ಲೋಕಲ್‌ಹೋಸ್ಟ್ ('ಇದೇ ಯಂತ್ರ') ಅಂತ ಬಿಡಬೇಡಿ. ಡೈರೆಕ್ಟರ್ ಆ ವಿಳಾಸವನ್ನೇ ಕ್ಲೈಂಟ್‌ಗೆ ಕೊಡುತ್ತದೆ, ಪಾಪ ಅದು ತನ್ನಲ್ಲೇ ಸ್ಟೋರೇಜ್‌ನ 9103 ಪೋರ್ಟ್ ಹುಡುಕುತ್ತಾ ಕೂರುತ್ತದೆ.

ಎರಡು ವಾರ ಸರಿಯಾಗಿ ಓಡಲಿ. ಆಮೇಲೆ ದಿನಕ್ಕೆ ಎರಡು ಕ್ಲೈಂಟ್‌ನಂತೆ ಹೆಸರು ಬದಲಿಸಿ. ಫುಲ್ ಆಗಿಯೇ ಆಗುತ್ತದೆ, ಆದರೆ ಹಂಚಿಹೋಗುತ್ತದೆ. ಕ್ಲೈಂಟ್‌ಗೊಂದು ಫೈಲ್ ಮಾಡಿ, ಮುಖ್ಯ ಕಾನ್ಫಿಗ್‌ನಿಂದ @ ಹಾಕಿ ಸೇರಿಸಿಕೊಳ್ಳಿ. ಎಲ್ಲಕ್ಕೂ ಸಾಮಾನ್ಯವಾದದ್ದನ್ನು ಜಾಬ್‌ಡೆಫ್ಸ್‌ಗೆ ಹಾಕಿದರೆ ಒಂದೊಂದು ಜಾಬ್ ನಾಲ್ಕೈದು ಸಾಲಿಗೆ ಇಳಿಯುತ್ತದೆ.

ಮಂಗಳೂರಿನಿಂದ:
ಮೇಲಿನವರು ಹೇಳಿದ್ದು ಸರಿ. ಆದರೆ ನನಗೆ ಹೆಸರಿಗಿಂತ ಭಯ ಆಗಿದ್ದು ಆ ಮೂರು ವರ್ಷ ಅನ್ನೋ ಮಾತು. ನಿಮ್ಮ ರಿಟೆನ್ಶನ್ (ಉಳಿಸಿಕೊಳ್ಳುವ ಅವಧಿ) ಎಷ್ಟಿದೆ ನೋಡಿದ್ದೀರಾ? ಏನೂ ಬರೆಯದಿದ್ದರೆ ಫೈಲ್ ದಾಖಲೆ 60 ದಿನ, ಜಾಬ್ ದಾಖಲೆ 180 ದಿನ, ವಾಲ್ಯೂಮ್ 365 ದಿನ. ಅವಧಿ ಮುಗಿದ ವಾಲ್ಯೂಮ್ ಮೇಲೆ ಬ್ಯಾಕುಲಾ ಮತ್ತೆ ಬರೆಯಬಹುದು. ಪೂಲ್‌ನಲ್ಲಿ (ವಾಲ್ಯೂಮ್‌ಗಳ ಗುಂಪಿನಲ್ಲಿ) ಅವಧಿ ಹೆಚ್ಚಿಸಿ ರೀಲೋಡ್ ಕೊಟ್ಟರೆ ಸಾಲದು, ಹಳೆಯ ವಾಲ್ಯೂಮ್‌ಗಳು ಹಳೆಯ ಲೆಕ್ಕದಲ್ಲೇ ಇರುತ್ತವೆ. ಬಿ‌ಕನ್ಸೋಲ್‌ನಲ್ಲಿ (ಬ್ಯಾಕುಲಾಕ್ಕೆ ಆದೇಶ ಕೊಡುವ ಪ್ರೋಗ್ರಾಂ) ಅಪ್‌ಡೇಟ್ ಕೊಟ್ಟು ಅವಕ್ಕೂ ಹಚ್ಚಬೇಕು. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಮುಂದೆ ಹಳೆಯ ಪೂಲ್‌ನಿಂದ ಹೊಸ ಪೂಲ್‌ಗೆ ಡೇಟಾ ಸರಿಸಬೇಕಾದರೆ ಮೈಗ್ರೇಟ್ ಅನ್ನೋ ಜಾಬ್ ಬಗೆಯೇ ಇದೆ. ಹಳೆಯ ಪೂಲ್‌ನಲ್ಲಿ ನೆಕ್ಸ್ಟ್ ಪೂಲ್ ಯಾವುದು ಅಂತ ಬರೆಯಿರಿ. ಓದಲು ಒಂದು, ಬರೆಯಲು ಒಂದು ಡಿವೈಸ್ ಬೇಕು. ಎರಡೂ ಬೇರೆ ಬೇರೆ ಫೋಲ್ಡರ್ ಆದರೆ ಮೀಡಿಯಾ ಟೈಪ್‌ಗೂ ಬೇರೆ ಹೆಸರು ಕೊಡಿ. ನಾನು ಎರಡಕ್ಕೂ ಸುಮ್ನೆ 'ಫೈಲ್' ಅಂತ ಬಿಟ್ಟಿದ್ದೆ. ಅದು ತಪ್ಪು ಫೋಲ್ಡರ್‌ನಲ್ಲಿ ವಾಲ್ಯೂಮ್ ಹುಡುಕಿ ಹುಡುಕಿ, ಕೊನೆಗೆ ನನ್ನನ್ನೇ ಕೇಳುತ್ತಾ ನಿಂತಿತ್ತು, ರಾತ್ರಿಯಿಡೀ.

ದಾವಣಗೆರೆಯಿಂದ:
ಈಗಷ್ಟೇ ನೋಡಿದೆ. ಕಾನ್ಫಿಗ್‌ನಲ್ಲಿ ಫೈಲ್ ರಿಟೆನ್ಶನ್ ಸಾಲೇ ಇಲ್ಲ. ಅಂದರೆ 60 ದಿನವೇ ಅಲ್ವಾ? ವಾಲ್ಯೂಮ್‌ಗಳು ಡಿಸ್ಕ್‌ನಲ್ಲಿವೆ, ಆದರೆ ರಿಸ್ಟೋರ್‌ಗೆ ಹೋದರೆ 2022ರದ್ದು ಯಾವುದೂ ಕಾಣಿಸುತ್ತಿಲ್ಲ.

ಮಂಗಳೂರಿನಿಂದ:
ಹೆದರಬೇಡಿ, ವಾಲ್ಯೂಮ್‌ಗಳ ಮೇಲೆ ಮತ್ತೆ ಬರೆದಿಲ್ಲದಿದ್ದರೆ ಡೇಟಾ ಇದೆ, ಸೂಚಿ ಮಾತ್ರ ಹೋಗಿದೆ. ಆ ವಾಲ್ಯೂಮ್‌ಗಳನ್ನು ಈಗಲೇ ಬೇರೆ ಡಿಸ್ಕ್‌ಗೆ ನಕಲು ಮಾಡಿ. ರಿಟೆನ್ಶನ್ ಹೆಚ್ಚಿಸಿ, ಆಮೇಲೆ ಬಿಸ್ಕ್ಯಾನ್ ಓಡಿಸಿ. ಅದು ವಾಲ್ಯೂಮ್ ಓದಿ ಕ್ಯಾಟಲಾಗ್ ಮತ್ತೆ ಕಟ್ಟುತ್ತದೆ. ಉಲ್ಟಾ ಮಾಡಬೇಡಿ. ಅವಧಿ ಹೆಚ್ಚಿಸದೆ ಓಡಿಸಿದರೆ ಆ ಕ್ಲೈಂಟ್‌ನ ಮುಂದಿನ ಜಾಬ್ ಮುಗಿದ ಕೂಡಲೇ ಆಟೋಪ್ರೂನ್ (ಅವಧಿ ಮೀರಿದ ದಾಖಲೆ ತಾನಾಗೇ ಅಳಿಸುವ ವ್ಯವಸ್ಥೆ) ಎಲ್ಲ ಗುಡಿಸಿ ಹಾಕುತ್ತದೆ.

ದಾವಣಗೆರೆಯಿಂದ, ನಾಲ್ಕು ದಿನದ ನಂತರ:
ನಕಲು ಮಾಡಿ ಆಯಿತು. ಸದ್ಯಕ್ಕೆ ಎರಡು ವಾಲ್ಯೂಮ್‌ಗೆ ಬಿಸ್ಕ್ಯಾನ್ ಹಾಕಿದೆ. ತುಂಬಾ ಹೊತ್ತು ಹಿಡಿಯಿತು, ಆದರೆ ಪರೀಕ್ಷಾ ವಿಭಾಗದ ಫೋಲ್ಡರ್ ಕಾಣಿಸಿತು. ಒಂದು ಅಂಕಪಟ್ಟಿ ರಿಸ್ಟೋರ್ ಮಾಡಿ ತೆರೆದೂ ನೋಡಿದೆ. ಇನ್ನು ಒಂಬತ್ತು ವಾಲ್ಯೂಮ್ ಬಾಕಿ. ಹೊಸ ಸರ್ವರ್ ಮುಂದಿನ ತಿಂಗಳು, 'ಟೆಸ್ಟ್2'ಗೆ ನಾಮಕರಣ ದಸರಾ ರಜೆಯಲ್ಲಿ.