ಕೇಪಿನ ಕೋವಿಗೆ ಕೇಪು, ಮಸಿ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದಾ?

ಹೆಬ್ರಿ ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮದು ಹೆಬ್ರಿ ಹತ್ತಿರ ಅಡಿಕೆ ತೋಟ, ಕೆಳಗೆ ಸ್ವಲ್ಪ ಗದ್ದೆ. ಅಪ್ಪನ ಹೆಸರಿನಲ್ಲಿ ಬೆಳೆ ರಕ್ಷಣೆಯ ಲೈಸನ್ಸ್ ಉಂಟು. ಕೋವಿ ಒಂಟಿ ನಳಿಗೆಯದ್ದು, ಮೂತಿಯಿಂದ ಮಸಿ, ಅಂದರೆ ಕೋವಿ ಮದ್ದು, ತುಂಬಿಸಿ ಗಜದ ಕೋಲಿನಿಂದ ಗುದ್ದಿ, ಕಿಡಿ ಕೊಡುವ ಸಣ್ಣ ತಾಮ್ರದ ಕೇಪು ಇಟ್ಟು ಹಾರಿಸುವ ಕೇಪಿನ ಕೋವಿ. ಅಜ್ಜನ ಕಾಲದಿಂದ ಮನೆಯಲ್ಲಿದೆ, ಆಯುಧ ಪೂಜೆಗೆ ಪ್ರತಿ ವರ್ಷ ಕುಂಕುಮ ಇಡುತ್ತೇವೆ.

ಹೋದ ವಾರ ರಾತ್ರಿ ಹಂದಿ ಹಿಂಡು ಗದ್ದೆಗೆ ಇಳಿಯಿತು. ಹೆದರಿಸಿ ಓಡಿಸುವ ಅಂತ ಅಪ್ಪ ಒಂದು ಈಡು, ಅಂದರೆ ಒಂದು ಸಲ ಹಾರಿಸುವಷ್ಟು ಮದ್ದು, ತುಂಬಿಸಿ ಅಂಗಳಕ್ಕೆ ಬಂದರು. ಮೂರು ಕೇಪು ಇಟ್ಟರು. ಮೂರೂ ಸಲ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಬಿದ್ದು ಟಪ್ ಅಂತ ಸದ್ದು ಅಷ್ಟೇ, ಈಡು ಹಾರಲೇ ಇಲ್ಲ. ಆಮೇಲೆ ಟಾರ್ಚ್ ಹಾಕಿ ಡಬ್ಬಿ ನೋಡಿದರೆ ತಾಮ್ರದ ಕೇಪುಗಳ ಅಂಚಿಗೆಲ್ಲ ಹಸಿರು ಕಿಲುಬು, ಕೆಲವು ಒಂದಕ್ಕೊಂದು ಅಂಟಿಕೊಂಡಿವೆ. ಮಸಿಯೂ ಗಂಟು ಕಟ್ಟಿದೆ.

ನಾನು ಮಂಗಳೂರಿನಲ್ಲಿ ಕೆಲಸ ಮಾಡುವುದು. ಕೆ.ಎಸ್. ರಾವ್ ರಸ್ತೆಯ ಸಿಟಿ ಸೆಂಟರ್, ಪಾಂಡೇಶ್ವರದ ಮಾಲ್, ಎರಡು ದೊಡ್ಡ ಹಾರ್ಡ್‌ವೇರ್ ಅಂಗಡಿ ಎಲ್ಲ ಕಡೆ ಕೇಳಿ ಆಯಿತು. ಕೇಪು ಅಂದರೆ ಟೋಪಿ ತೋರಿಸುತ್ತಾರೆ, ಅವರಿಗೆ ಗೊತ್ತೇ ಇಲ್ಲ. ಕಡೆಗೆ ಒಂದು ಕೋವಿ ಅಂಗಡಿಗೆ ಹೋದರೆ ಅವರು ಲೈಸನ್ಸ್ ಪುಸ್ತಕ ನೋಡಿ, ಇದು ನಿಮ್ಮ ಹೆಸರಲ್ಲಿ ಇಲ್ಲ, ನಿಮಗೆ ಕೊಡಲು ಬರುವುದಿಲ್ಲ ಎಂದು ಕಳಿಸಿದರು. ಅಪ್ಪನಿಗೆ 74 ವರ್ಷ, ಮಂಡಿ ನೋವು, ಬಸ್ಸಿನಲ್ಲಿ ಅಷ್ಟು ದೂರ ಬರುವುದು ಕಷ್ಟ.

ಭಾವ ಅಮೆರಿಕದಲ್ಲಿ ಇದ್ದಾರೆ. ಅಲ್ಲಿ ದೊಡ್ಡ ಸ್ಟೋರಿನಲ್ಲಿ ಸಾಬೂನು ಇಟ್ಟ ಹಾಗೆ ಕೇಪು ಡಬ್ಬಿ ಇಟ್ಟಿರುತ್ತಾರಂತೆ. ಡಿಸೆಂಬರಿನಲ್ಲಿ ಊರಿಗೆ ಬರುವಾಗ ಬ್ಯಾಗಿನಲ್ಲಿ ನಾಲ್ಕು ಡಬ್ಬಿ ತರಲು ಹೇಳಬಹುದಾ? ಪಕ್ಕದ ಮನೆಯವರು ಗರ್ನಾಲಿನ ಮದ್ದು ಬಿಚ್ಚಿ ಹಾಕಿ ಸಾಕು ಎನ್ನುತ್ತಾರೆ, ಅದು ಸರಿಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಬೈಲುಮನೆ, ಕಾರ್ಕಳ:

ಮೊದಲು ಒಂದು ಮಾತು, ಇದನ್ನು ಓದಿದ ತಕ್ಷಣ ಮನೆಗೆ ಫೋನ್ ಮಾಡಿ. ಮೂರು ಕೇಪು ಕೈಕೊಟ್ಟವು ಅಂದರೆ ಈಡು ಈಗಲೂ ನಳಿಗೆಯ ಒಳಗೇ ಇದೆ. ಅದನ್ನು ಹಾಗೇ ಗೋಡೆಗೆ ತೂಗು ಹಾಕಿದ್ದರೆ ತುಂಬಾ ಅಪಾಯ, ಮನೆಯಲ್ಲಿ ಮಕ್ಕಳಿದ್ದರಂತೂ ಕೇಳುವುದೇ ಬೇಡ. ನಿಪ್ಪಲ್, ಅಂದರೆ ಕೇಪು ಕೂರಿಸುವ ತೂತಿನ ಮೊಳೆ, ಅದರ ಮೇಲೆ ಕೇಪು ಉಳಿದಿದ್ದರೆ ಅಪ್ಪ ಅದನ್ನು ತೆಗೆಯಲಿ. ಮೂತಿ ಯಾರ ಕಡೆಗೂ ಇರಬಾರದು, ಅವರ ಮುಖವೂ ಮೂತಿಗೆ ಎದುರಾಗಬಾರದು. ಆಮೇಲೆ ಮೂತಿಯಿಂದ ನೀರು ಹೊಯ್ದು ಒಂದು ರಾತ್ರಿ ಬಿಡಲಿ, ಮಸಿ ಒದ್ದೆಯಾದರೆ ಹೊತ್ತಿಕೊಳ್ಳುವುದಿಲ್ಲ. ಹೊರಗೆ ತೆಗೆಯುವ ಕೆಲಸ ಲೈಸನ್ಸ್ ಇರುವ ರಿಪೇರಿಯವರಿಗೆ ಬಿಡಿ.

ಈಗ ನಿಮ್ಮ ಪ್ರಶ್ನೆ. ಮಾಲ್, ಸೂಪರ್ ಮಾರ್ಕೆಟ್, ಹಾರ್ಡ್‌ವೇರ್ ಅಂಗಡಿ ಎಲ್ಲಿಯೂ ಕೇಪು, ಮಸಿ ಸಿಗುವುದಿಲ್ಲ, ಸುಮ್ನೆ ಸುತ್ತಬೇಡಿ. 1959ರ ಆಯುಧ ಕಾಯ್ದೆಯ ಪ್ರಕಾರ ಮದ್ದುಗುಂಡು ಮಾರಲಿಕ್ಕೂ ಲೈಸನ್ಸ್ ಬೇಕು, ಕೊಳ್ಳಲಿಕ್ಕೂ ಬೇಕು. ನಿಮ್ಮ ಅಪ್ಪನ ಪುಸ್ತಕ ತೆರೆದು ನೋಡಿ, ಒಂದು ಸಲಕ್ಕೆ ಎಷ್ಟು ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂದು ಬರೆದಿರುತ್ತದೆ. ಅಂಗಡಿಯವರು ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆದು ಸೀಲ್ ಹಾಕುತ್ತಾರೆ. ನಿಮ್ಮನ್ನು ವಾಪಸ್ ಕಳಿಸಿದ ಅಂಗಡಿಯವರು ಸರಿಯಾಗಿಯೇ ಮಾಡಿದ್ದಾರೆ, ಅವರ ಮೇಲೆ ಬೇಜಾರು ಬೇಡ.

ನಿಮಗೆ ಒಳ್ಳೆಯ ದಾರಿ ಬೇರೆ ಉಂಟು. 2016ರ ಆಯುಧ ನಿಯಮಗಳ 25ನೇ ನಿಯಮದಲ್ಲಿ, ಲೈಸನ್ಸ್ ಇದ್ದವರಿಗೆ 70 ವರ್ಷ ಆದರೆ ಅಥವಾ ಕೋವಿ 25 ವರ್ಷ ಅವರ ಹತ್ತಿರ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಲೈಸನ್ಸ್ ಕೇಳಬಹುದು. ನಿಮ್ಮ ಅಪ್ಪನಿಗೆ 74. ಮಣಿಪಾಲದ ರಜತಾದ್ರಿಯಲ್ಲಿ ಜಿಲ್ಲಾಧಿಕಾರಿ ಕಚೇರಿಯ ಆಯುಧ ವಿಭಾಗಕ್ಕೆ ಹೋಗಿ ಅರ್ಜಿ ಕೊಡಿ. ಕೋವಿ ಸುರಕ್ಷತೆಯ ತರಬೇತಿ ಸರ್ಟಿಫಿಕೇಟ್ ಕೇಳುತ್ತಾರೆ, ಪೊಲೀಸ್ ವರದಿ ಆಗಬೇಕು. ತಿಂಗಳುಗಟ್ಟಲೆ ಹಿಡಿಯಬಹುದು, ಆದರೆ ಒಮ್ಮೆ ಆದರೆ 5 ವರ್ಷಕ್ಕೆ ಚಿಂತೆ ಇಲ್ಲ. ಮೊದಲು 3 ವರ್ಷ ಇತ್ತು, 2019ರ ತಿದ್ದುಪಡಿಯಲ್ಲಿ 5 ಮಾಡಿದರು. ಅಲ್ಲಿಯವರೆಗೆ ಒಂದು ದಿನ ಕಾರು ಮಾಡಿ ಅಪ್ಪನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಹೋಗುವ ಮೊದಲು ಫೋನ್ ಮಾಡಿ ಸ್ಟಾಕ್ ಇದೆಯಾ ಕೇಳಿ. ಈಗ ಜಾಸ್ತಿ ಜನ ತೋಟೆ (ಸಿದ್ಧ ಕಾರ್ಟ್ರಿಜ್) ಹಾಕುವ ಕೋವಿಯವರು, ಅಂಗಡಿಯಲ್ಲಿ 12 ಬೋರಿನ ತೋಟೆ ಇರುತ್ತದೆ, ಕೇಪು ಕೆಲವೊಮ್ಮೆ ಇರುವುದಿಲ್ಲ. ನಿಪ್ಪಲ್ ಅಳತೆಯೂ ಗೊತ್ತಿರಲಿ, ಸಡಿಲ ಕೇಪು ತಂದರೆ ಉಪಯೋಗ ಇಲ್ಲ.

ಕುಂದಾಪುರದವ, ಈಗ ಪೆನ್ಸಿಲ್ವೇನಿಯಾ:

ನಿಮ್ಮ ಭಾವ ಹೇಳಿದ್ದು ನಿಜ, ಆದರೆ ಅದು ಇಲ್ಲಿಯ ಕಥೆ. 1968ರ ಇಲ್ಲಿಯ ಕೇಂದ್ರ ಕಾನೂನಿನಲ್ಲಿ ಮೂತಿಯಿಂದ ತುಂಬಿಸುವ ಕೋವಿಯನ್ನು ಪುರಾತನ ಕೋವಿ ಅಂತ ಬೇರೆಯೇ ಇಟ್ಟಿದ್ದಾರೆ, ಮಾಮೂಲಿ ಬಂದೂಕಿನ ನಿಯಮ ಅದಕ್ಕೆ ಇಲ್ಲ. ರಾಜ್ಯದಿಂದ ರಾಜ್ಯಕ್ಕೆ ಸ್ವಲ್ಪ ವ್ಯತ್ಯಾಸ ಉಂಟು. ಹಾಗಾಗಿ ವಾಲ್‌ಮಾರ್ಟ್, ಕಬೆಲಾಸ್, ಬಾಸ್ ಪ್ರೋ ಇಂಥ ದೊಡ್ಡ ಸ್ಟೋರುಗಳಲ್ಲಿ ಬೇಟೆಯ ವಿಭಾಗ ಇರುತ್ತದೆ.

ಆದರೆ ಅಲ್ಲಿಯೂ ಹಳೇ ನಮೂನೆಯ ಕೋವಿಯವರಿಗೆ ಕಷ್ಟವೇ. ನನ್ನ ಪಕ್ಕದ ಮನೆಯ ಅಜ್ಜ ಕಲ್ಲಿನ ಕೋವಿ, ಅಂದರೆ ಚಕಮಕಿ ಕಲ್ಲಿನ ಕಿಡಿಯಲ್ಲಿ ಹಾರುವ ಕೋವಿ ಇಟ್ಟುಕೊಂಡಿದ್ದಾರೆ. ಈ ರಾಜ್ಯದಲ್ಲಿ ಕ್ರಿಸ್‌ಮಸ್ ಆದ ಮೇಲೆ ಅಂಥ ಕೋವಿಯವರಿಗೇ ಜಿಂಕೆ ಬೇಟೆಯ ಸೀಸನ್ ಇದೆ. ಅವರ ಜತೆ ನಾನೂ ಸ್ಟೋರಿಗೆ ಹೋಗಿದ್ದೆ. ರ‍್ಯಾಕ್ ತುಂಬಾ ಈಗಿನ ಹೊಸ ನಮೂನೆಯ ಕೋವಿಗಳ ಸಾಮಾನು, ಕೇಪಿನ ಬದಲು ಹಾಕುವ 209 ಪ್ರೈಮರು, ಪೈರೋಡೆಕ್ಸ್, ಟ್ರಿಪಲ್ ಸೆವೆನ್ ಅನ್ನುವ ಬದಲಿ ಮಸಿಗಳು. 11 ನಂಬರಿನ ಕೇಪು ಒಂದು ಮೂಲೆಯಲ್ಲಿ ಒಂದೋ ಎರಡೋ ಡಬ್ಬಿ. ಕಲ್ಲು ಇಲ್ಲ, ನಿಜವಾದ ಕರಿ ಮಸಿ ಇಲ್ಲವೇ ಇಲ್ಲ. ಕಲ್ಲಿನ ಕೋವಿಗೆ ಬದಲಿ ಮಸಿ ಆಗುವುದಿಲ್ಲ, ಅದು ಹೊತ್ತಿಕೊಳ್ಳಲು ಬಿಸಿ ಜಾಸ್ತಿ ಬೇಕು. ನಿಜವಾದ ಕರಿ ಮಸಿ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಅದನ್ನು ಇಡಲು ಅಂಗಡಿಯವರಿಗೆ ಕಟ್ಟುನಿಟ್ಟು ಜಾಸ್ತಿ, ದೊಡ್ಡ ಸ್ಟೋರಿನವರು ಅದರ ಗೋಜಿಗೆ ಹೋಗುವುದಿಲ್ಲ. ಗೋಯೆಕ್ಸ್ ಅಂತ ಲೂಸಿಯಾನಾದ ಮಿಂಡೆನ್‌ನಲ್ಲಿ ಕರಿ ಮಸಿ ಮಾಡುವ ಕಾರ್ಖಾನೆ, 2021ರಲ್ಲಿ ಅದನ್ನು ನಿಲ್ಲಿಸುತ್ತೇವೆ ಎಂದಾಗ ಈ ಅಜ್ಜ ನಿಜವಾಗಿ ಸಂಕಟಪಟ್ಟಿದ್ದರು. ಮರುವರ್ಷ ಆಟಿಕೆ ರಾಕೆಟ್ ಮಾಡುವ ಎಸ್ಟೆಸ್ ಕಂಪನಿಯವರು ಅದನ್ನು ಕೊಂಡರು. ಅಜ್ಜ ಈಗಲೂ ಒಂದೂವರೆ ಗಂಟೆ ಕಾರಿನಲ್ಲಿ ಹೋಗಿ ಸಣ್ಣ ಅಂಗಡಿಯಿಂದಲೇ ಮಸಿ ತರುವುದು.

ಬ್ಯಾಗಿನ ವಿಷಯ. ಖಂಡಿತ ಬೇಡ. ಕೇಪು, ಮಸಿ ಎರಡನ್ನೂ ಇಲ್ಲಿಯ ವಿಮಾನ ಭದ್ರತೆಯವರು ಕೈಚೀಲದಲ್ಲೂ ಬಿಡುವುದಿಲ್ಲ, ಕೆಳಗೆ ಹಾಕುವ ಲಗೇಜಿನಲ್ಲೂ ಬಿಡುವುದಿಲ್ಲ. ಇಲ್ಲಿ ಹೇಗೋ ದಾಟಿದರೂ ಭಾರತಕ್ಕೆ ತರಲು ಆಮದು ಲೈಸನ್ಸ್ ಬೇಕು. ಭಾವನನ್ನು ಮಂಗಳೂರು ಏರ್‌ಪೋರ್ಟಿನಲ್ಲಿ ಹಿಡಿದು ಕೂರಿಸಿದರೆ ಅಕ್ಕನಿಗೆ ಏನು ಹೇಳುತ್ತೀರಿ?

ಪುತ್ತೂರು ಹಳೆ ಮನೆ:

ಗರ್ನಾಲಿನ ಮದ್ದು ಹಾಕಲೇಬೇಡಿ ಮಾರಾಯ್ರೆ, ಕೈ ಮುಗಿದು ಹೇಳುತ್ತೇನೆ. ನನ್ನ ಚಿಕ್ಕಪ್ಪ ಹಾಗೆಯೇ ಮಾಡಿದ್ದು. ನಳಿಗೆ ಹಿಂದಿನಿಂದ ಒಂದು ಗೇಣು ಸೀಳಿತು, ಎಡಗೈಯ ಹೆಬ್ಬೆರಳು ಹೋಯಿತು. ನಾನು ಆಗ ಏಳನೇ ಕ್ಲಾಸು, ಜಗಲಿಯಲ್ಲಿ ರಕ್ತ ಒರೆಸಿದ್ದು ಇವತ್ತಿಗೂ ಕಣ್ಣ ಮುಂದೆ ಇದೆ. ಪಟಾಕಿ ಮದ್ದಿನಲ್ಲಿ ಅಲ್ಯುಮಿನಿಯಂ ಪುಡಿ ಇರುತ್ತದೆ, ಅದು ಒಮ್ಮೆಲೇ ಸಿಡಿಯುತ್ತದೆ. ಕೋವಿ ಮಸಿ ಅಷ್ಟು ಜೋರಾಗಿ ಸಿಡಿಯುವುದಿಲ್ಲ, ಉರಿದು ತಳ್ಳುತ್ತದೆ. ಹಾಗೆಯೇ ತೋಟೆ ಒಡೆದು ಅದರ ಮಸಿ ಹಾಕುವವರೂ ಇದ್ದಾರೆ, ಅದೂ ತಪ್ಪು, ಹಳೇ ನಳಿಗೆ ಆ ಒತ್ತಡ ತಡೆಯುವುದಿಲ್ಲ.

ದೊಡ್ಡ ಅಂಗಡಿಯಿಂದ ತರಬೇಕಾದದ್ದು ಬೇರೆ ಉಂಟು. ಕೋವಿ ತೊಳೆಯುವ, ಕಾಪಾಡುವ ಸಾಮಾನು. ಹತ್ತಿ ಬಟ್ಟೆ, ಪಾತ್ರೆ ಸಾಬೂನು, ಬಾಟಲಿ ತೊಳೆಯುವ ಉದ್ದ ಬ್ರಷ್, ಹೊಲಿಗೆ ಮಿಶಿನಿನ ಎಣ್ಣೆ, ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ಗಟ್ಟಿ ಬೀಗ. ಇಷ್ಟು ಯಾವ ಸೂಪರ್ ಮಾರ್ಕೆಟಿನಲ್ಲೂ ಸಿಗುತ್ತದೆ. ನಿಮ್ಮ ಕೇಪು ಹಾಳಾದದ್ದು ನಮ್ಮ ಊರಿನ ಮಳೆಗಾಲದಿಂದ, ಬೇರೆ ಏನೂ ಅಲ್ಲ. ಆಟಿ ತಿಂಗಳಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಕೇಪು ಉಳಿಯುತ್ತದಾ?

ಈಡು ಹಾರಿಸಿದ ದಿನವೇ ತೊಳೆಯಬೇಕು, ನಾಳೆ ನೋಡುವ ಅಂದರೆ ಆಗುವುದಿಲ್ಲ. ಉರಿದ ಮಸಿಯ ಕಿಟ್ಟ ಗಾಳಿಯ ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ. ಕೋವಿ ಖಾಲಿ ಎಂದು ಗಜ ಇಳಿಸಿ ಖಚಿತ ಮಾಡಿಕೊಂಡು, ಬಿಸಿ ಸಾಬೂನು ನೀರಿನಲ್ಲಿ ನಳಿಗೆ ತೊಳೆಯಿರಿ. ಮೊದಲು ಇದ್ದಿಲಿನ ಹಾಗೆ ಕಪ್ಪು ನೀರು ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ, ಅದು ಗಂಧಕದ್ದು. ಬಟ್ಟೆ ಬೆಳ್ಳಗೆ ಬರುವ ತನಕ ತೊಳೆದು, ಚೆನ್ನಾಗಿ ಒಣಗಿಸಿ, ಎಣ್ಣೆ ಕೈ ಆಡಿಸಿ. ತೆಂಗಿನೆಣ್ಣೆ ಹಾಕಿ ವರ್ಷಗಟ್ಟಲೆ ಇಟ್ಟರೆ ಅಂಟಾಗುತ್ತದೆ, ಮಿಶಿನ್ ಎಣ್ಣೆಯೇ ಒಳ್ಳೆಯದು. ಮುಂದಿನ ಸಲ ತುಂಬಿಸುವ ಮೊದಲು ಆ ಎಣ್ಣೆಯನ್ನು ಒರೆಸಿ ತೆಗೆಯಬೇಕು, ಇಲ್ಲದಿದ್ದರೆ ನಿಪ್ಪಲ್ ತೂತು ಕಟ್ಟಿ ಕೇಪು ಹೊಸದಾದರೂ ಈಡು ಹಾರುವುದಿಲ್ಲ.

2024ರ ಚುನಾವಣೆಗೆ ನಾನು ಕೋವಿ ಠಾಣೆಗೆ ಒಪ್ಪಿಸಿದ್ದೆ. ಎಣ್ಣೆ ಹಾಕದೆ ಕೊಟ್ಟದ್ದು ನನ್ನ ತಪ್ಪು, ಅವರೂ ಒದ್ದೆ ನೆಲದ ಮೇಲೆ ಇಟ್ಟಿದ್ದರು. ವಾಪಸ್ ಬಂದಾಗ ಕುದುರೆ ಅಲುಗಾಡುತ್ತಿರಲಿಲ್ಲ, ನಿಪ್ಪಲ್ ತುಕ್ಕು ಹಿಡಿದು ಕೂತಿತ್ತು. ಈಗ ಕೊಡುವಾಗ ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮೇಲೆ ಪ್ಲಾಸ್ಟಿಕ್ ಕಟ್ಟಿಯೇ ಕೊಡುತ್ತೇನೆ.

ಸೀತಾನದಿ:

ಹೆಬ್ರಿ ಅಂದದ್ದಕ್ಕೆ ಒಂದು ವಿಷಯ. ಸೋಮೇಶ್ವರ ಅಭಯಾರಣ್ಯ ಪಕ್ಕದಲ್ಲೇ ಇದೆ. 1972ರ ವನ್ಯಜೀವಿ ಕಾಯ್ದೆಯ 34ನೇ ವಿಧಿಯಲ್ಲಿ ಅಭಯಾರಣ್ಯದ 10 ಕಿಲೋಮೀಟರ್ ಒಳಗೆ ಲೈಸನ್ಸ್ ಇರುವವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಲೈಸನ್ಸ್‌ಗೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಬೇಕು. ನಿಮ್ಮ ಹೆಸರಿಗೆ ಕೇಳುವಾಗ ಈ ಪ್ರಶ್ನೆ ಬಂದೇ ಬರುತ್ತದೆ, ಅಪ್ಪನ ನೋಂದಣಿ ಕಾಗದ ಹುಡುಕಿ ಇಟ್ಟುಕೊಳ್ಳಿ. ಮತ್ತೆ, ಬೆಳೆ ರಕ್ಷಣೆಯ ಲೈಸನ್ಸ್ ಅಂದರೆ ಹಂದಿ ಹೊಡೆಯುವ ಪರವಾನಗಿ ಅಲ್ಲ. ಅದಕ್ಕೆ ಇಲಾಖೆಯ ಅನುಮತಿ ಬೇರೆಯೇ ಬೇಕು. ನವಿಲಿನ ಸುದ್ದಿಗಂತೂ ಹೋಗಲೇಬಾರದು, ಅದು ಆ ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲ ಪಟ್ಟಿಯ ಹಕ್ಕಿ.

ಹೆಬ್ರಿ ತೋಟ:

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಬೈಲುಮನೆಯವರೇ, ನಿಮ್ಮ ಮಾತು ಓದಿ ಕೈಕಾಲು ನಡುಗಿತು. ಆಗಲೇ ಅಪ್ಪನಿಗೆ ಫೋನ್ ಮಾಡಿದೆ. ಕೋವಿ ಚಾವಡಿಯ ಗೂಟದಲ್ಲಿ ಹಾಗೇ ಇತ್ತು, ನಿಪ್ಪಲ್ ಮೇಲೆ ಮೂರನೇ ಕೇಪೂ ಇತ್ತು. ಅಣ್ಣನ ಮಗ ಅದರ ಕೆಳಗೆ ಕೂತು ಹೋಂವರ್ಕ್ ಮಾಡುತ್ತಿದ್ದನಂತೆ. ಅವನನ್ನು ಹಟ್ಟಿಯ ಕಡೆ ಕಳಿಸಿ ಅಪ್ಪ ಕೇಪು ತೆಗೆದು ನೀರು ಹೊಯ್ದಿದ್ದಾರೆ. ಕೋವಿ ಈಗ ಬೀಗ ಹಾಕಿದ ಕೋಣೆಯಲ್ಲಿದೆ.

ಭಾವನಿಗೆ ಏನೂ ತರಬೇಡಿ ಎಂದು ಮೆಸೇಜ್ ಹಾಕಿದೆ. ಶನಿವಾರ ಕಾರು ಮಾಡಿ ಅಪ್ಪನನ್ನು ಕರೆದುಕೊಂಡು ಬರುತ್ತೇನೆ, ಕೋವಿ ಅಂಗಡಿಯವರಿಗೆ ಫೋನ್ ಮಾಡಿ ಆಗಿದೆ, ಎರಡು ಡಬ್ಬಿ ಕೇಪು ತೆಗೆದಿಡುತ್ತೇವೆ ಎಂದಿದ್ದಾರೆ. ರಿಪೇರಿಯವರು ಸೋಮವಾರ ಮನೆಗೇ ಬರುತ್ತಾರೆ. ಅರಣ್ಯ ಇಲಾಖೆಯ ಕಾಗದ ಅಪ್ಪನಿಗೆ ನೆನಪಿಲ್ಲ, ಅಮ್ಮ ಹಳೇ ಟ್ರಂಕಿನಲ್ಲಿ ಹುಡುಕುತ್ತಿದ್ದಾರೆ. ಸಿಕ್ಕಿದರೆ ಇಲ್ಲಿ ಹೇಳುತ್ತೇನೆ.